ನಲವತ್ತು ಲೋಟದ ಗಿಂಡಿ

"ಗುರುಗಳೇ, ಇಲ್ಲಿ ಕೇಳಿದ ಮಾತು ಇಲ್ಲಿ ಕುಳಿತಿರುವಷ್ಟು ಹೊತ್ತು ಬಿಸಿಯಾಗಿರುತ್ತದೆ. ಊರಿಗೆ ಒಯ್ದು ಹೇಳುವಷ್ಟರಲ್ಲಿ ಆರಿಹೋಗುತ್ತದೆ. ಎಷ್ಟು ತುಂಬಿಕೊಂಡರೆ ಅದು ಕೊನೆಯವರೆಗೂ ಆರದೆ ಉಳಿದೀತು?"

ಹೀಗೆ ಕೇಳಿದವನು ಚನ್ನವೀರ. ಮಠದಲ್ಲಿ ಹನ್ನೆರಡು ವರ್ಷ ಓದಿದ್ದ. ಓದು ಮುಗಿದ ಮೇಲೆ ಒಂದು ವರ್ಷ ಊರೂರು ತಿರುಗಿ ಪ್ರವಚನ ಹೇಳಿದ್ದ. ಮುಂದೆ ಕುಳಿತವರು ತಲೆದೂಗುತ್ತಿದ್ದರು. ಹಿಂದೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ತನ್ನ ಓದು ಸಾಲದೆಂದು ಅವನಿಗೆ ಅನಿಸಿತ್ತು. ಇನ್ನೂ ನಾಲ್ಕು ವರ್ಷ ಮಠದಲ್ಲಿಯೇ ಉಳಿಯಲೆಂದು ಹಿಂತಿರುಗಿ ಬಂದಿದ್ದ.

ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೋಳುಗುಡ್ಡ. ಅದರ ಆಚೆ ಬದಿಗೆ ನಾಲ್ಕು ಹಳ್ಳಿಗಳು. ಆ ಹಳ್ಳಿಯವರು ಈಚೆಗೆ ಬರಬೇಕೆಂದರೆ ಗುಡ್ಡ ಸುತ್ತಿಕೊಂಡು ಬರಬೇಕು. ಅದಕ್ಕೆ ಒಂದು ಹಗಲು ಹಿಡಿಯುತ್ತಿತ್ತು. ಆದ್ದರಿಂದ ಗುಡ್ಡದ ಮೇಲೆ ಹಾಯ್ದು ಹೋಗುವಂತೆ ಕಲ್ಲಿನ ಮೆಟ್ಟಿಲು ಕಟ್ಟಿಸುವುದೆಂದು ಹಿರಿಯರು ನಿಶ್ಚಯಿಸಿದರು. ಕೆಲಸಕ್ಕೆ ನಲವತ್ತು ಜನ ಕೂಡಿದರು. ಅವರ ಮೇಲೆ ರುದ್ರಾಚಾರಿ ಎಂಬ ಮೇಸ್ತ್ರಿ.

ಹದಿನಾರು ಜನ ಗುಡ್ಡದ ಬುಡದಲ್ಲಿದ್ದರು. ಕೆಲವರು ಕಲ್ಲು ಕೆತ್ತುವವರು, ಕೆಲವರು ಹಗ್ಗ ಎಳೆಯುವವರು. ಆ ಹದಿನಾರರಲ್ಲಿ ಒಬ್ಬ ಮೇಸ್ತ್ರಿ, ಹುಣಸೆ ಮರದ ಕೆಳಗೆ. ಉಳಿದವರು ಕಲ್ಲನ್ನು ಮೇಲಕ್ಕೆ ಸಾಗಿಸಲು ಇಳಿಜಾರಿನ ಉದ್ದಕ್ಕೂ ಒಬ್ಬರಿಗಿಂತ ಒಬ್ಬರು ಮೇಲೆ ನಿಂತಿದ್ದರು. ಎಲ್ಲರಿಗಿಂತ ಮೇಲೆ, ಹೊಸ ಮೆಟ್ಟಿಲು ಕೂರುವ ಜಾಗದಲ್ಲಿ, ಓಬಣ್ಣ ಎಂಬ ಮುದುಕ. ಮೇಲಿನ ರಾಟೆಗೆ ಹಾಯಿಸಿದ ಹಗ್ಗವನ್ನು ಬುಡದವರು ಎಳೆದಾಗ ಕಲ್ಲು ಒಂದು ಗೇಣು ಮೇಲೇರುತ್ತಿತ್ತು. ಅದು ಹಿಂದಕ್ಕೆ ಜಾರುವ ಮೊದಲೇ ಓಬಣ್ಣ ಕಲ್ಲಿನ ಕೆಳಗೆ ಮರದ ಬೆಣೆ ತೂರಿಸಬೇಕು. ಅವನ ಕೈ ರೆಪ್ಪೆ ಬಡಿಯುವಷ್ಟು ಹೊತ್ತು ತಡವಾದರೂ ಕಲ್ಲು ಕೆಳಗಿನವರ ಮೇಲೆ ಉರುಳುತ್ತದೆ.

ಈ ನಲವತ್ತು ಜನರಿಗೆ ಚಹಾ ಒಯ್ಯುವವಳು ಹಾಲವ್ವ.

ಹಾಲವ್ವನ ಗುಡಿಸಲು ಹಳ್ಳದ ಈಚೆ ದಡದಲ್ಲಿತ್ತು. ಗುಡ್ಡದ ಬುಡ ಅಲ್ಲಿಂದ ಒಂದು ಕೂಗಳತೆ. ಗುಡ್ಡದ ಮೇಲೆ ಆಳೆತ್ತರದ ಒಣಹುಲ್ಲು. ಒಮ್ಮೆ ಯಾರೋ ಬೀಡಿ ಎಸೆದು ಅರ್ಧ ಗುಡ್ಡ ಸುಟ್ಟಿತ್ತು. ಅಂದಿನಿಂದ ಹಳ್ಳ ದಾಟಿದ ಮೇಲೆ ಯಾರೂ ಬೆಂಕಿ ಹೊತ್ತಿಸಕೂಡದೆಂದು ಕಟ್ಟುನಿಟ್ಟಾಯಿತು. ಹೀಗಾಗಿ ಹಾಲವ್ವ ಮನೆಯ ಒಲೆಯ ಮೇಲೆಯೇ ಬೆಲ್ಲ, ಶುಂಠಿ ಹಾಕಿ ಚಹಾ ಕಾಯಿಸುತ್ತಿದ್ದಳು. ಮಣ್ಣಿನ ಗಿಂಡಿಗೆ ಸೋಸಿ, ತಲೆಯ ಮೇಲೆ ಸಿಂಬಿ ಇಟ್ಟು, ಹೊತ್ತು ನಡೆಯುತ್ತಿದ್ದಳು.

ಮೊದಲು ಅವಳ ಬಳಿ ಇದ್ದದ್ದು ಸಣ್ಣ ಗಿಂಡಿ. ಹತ್ತು ಲೋಟ ಹಿಡಿಯುತ್ತಿತ್ತು. ನಲವತ್ತು ಜನಕ್ಕೆ ನಾಲ್ಕು ಸಲ ಓಡಾಡಬೇಕು. ಬುಡದವರು ಕುಡಿಯುವಾಗ ಹಗ್ಗ ನಿಲ್ಲುತ್ತದೆ. ಮೇಲಿನವರು ಕುಡಿಯುವಾಗ ಮತ್ತೆ ಹಗ್ಗ ನಿಲ್ಲುತ್ತದೆ. ಬಿಸಿಲೇರುವವರೆಗೆ ಕೆಲಸ ಸಾಗುತ್ತಲೇ ಇರಲಿಲ್ಲ.

ರುದ್ರಾಚಾರಿ ಅವಳನ್ನು ಕರೆದು ಹೇಳಿದ: "ಹಾಲವ್ವ, ಹಗ್ಗ ಒಂದೇ ಸಲ ನಿಲ್ಲಬೇಕು. ಎಲ್ಲರೂ ಒಂದೇ ಬಿಡುವಿನಲ್ಲಿ ಕುಡಿಯಬೇಕು. ನೀನು ಬರುವುದು ಒಂದೇ ಸಲ. ಆಗುತ್ತದೆಯೋ?"

"ಆಗುತ್ತದೆ, ಆಚಾರ್ರೆ," ಎಂದಳು ಹಾಲವ್ವ. ಆಗುವುದಿಲ್ಲ ಎಂದರೆ ಬೇರೆಯವರು ಬರುತ್ತಾರೆ ಎಂಬುದು ಅವಳಿಗೆ ತಿಳಿದಿತ್ತು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಉಣ್ಣುವ ಬಾಯಿ ಮೂರು.

ಅವಳು ಕುಂಬಾರ ಚೌಡಪ್ಪನ ಬಳಿಗೆ ಹೋದಳು. ನಲವತ್ತು ಲೋಟ ಹಿಡಿಯುವ ಗಿಂಡಿ ಬೇಕೆಂದಳು. ಚೌಡಪ್ಪ ಅಷ್ಟು ದೊಡ್ಡದನ್ನು ಹಿಂದೆ ಮಾಡಿದವನಲ್ಲ. ಮೊದಲನೆಯದು ಸುಡುವಾಗ ಆವಿಗೆಯಲ್ಲಿಯೇ ಬಿರಿಯಿತು. ಎರಡನೆಯದರ ಮೂತಿ ವಾರೆಯಾಯಿತು. ಮೂರನೆಯದು ನಿಂತಿತು. ಹೊಸ ಮಣ್ಣು ಜಿನುಗುತ್ತದೆ, ಜಿನುಗಿದರೆ ಒಳಗಿನದು ಬೇಗ ಆರುತ್ತದೆ ಎಂದು ಅವನು ಅದರಲ್ಲಿ ಮೂರು ದಿನ ಗಂಜಿ ಕುದಿಸಿ ಹದಮಾಡಿ ಕೊಟ್ಟ.

ಆ ಗಿಂಡಿ ಬಂದ ದಿನದಿಂದ ಎಲ್ಲವೂ ಸಲೀಸಾಯಿತು. ಬಿಡುವಿನ ಗಂಟೆ ಹೊಡೆಯುತ್ತದೆ. ಹಗ್ಗ ನಿಲ್ಲುತ್ತದೆ. ಹಾಲವ್ವ ಬುಡಕ್ಕೆ ಬರುತ್ತಾಳೆ. ಮೊದಲ ಲೋಟ ರುದ್ರಾಚಾರಿಗೆ. ಆಮೇಲೆ ಕೆತ್ತುವವರಿಗೆ, ಎಳೆಯುವವರಿಗೆ. ಅನಂತರ ಮೆಟ್ಟಿಲು ಹತ್ತುತ್ತಾ ಒಬ್ಬೊಬ್ಬರಿಗೂ ಬಗ್ಗಿಸುತ್ತಾಳೆ. ಹತ್ತಿದಂತೆಲ್ಲ ತಲೆಯ ಮೇಲಿನ ಭಾರ ಇಳಿಯುತ್ತದೆ. ಕೊನೆಯ ಲೋಟ ಓಬಣ್ಣನಿಗೆ. ಖಾಲಿ ಗಿಂಡಿ ಹಿಡಿದು ಹಗುರವಾಗಿ ಇಳಿದು ಬರುತ್ತಾಳೆ.

"ಹಾಲವ್ವನ ಚಹಾ ನಾಲಗೆ ಸುಡುತ್ತದಪ್ಪ," ಎಂದು ರುದ್ರಾಚಾರಿ ಬಂದವರಿಗೆಲ್ಲ ಹೇಳುತ್ತಿದ್ದ. ಬುಡದವರು ಹೌದೆನ್ನುತ್ತಿದ್ದರು. ನಡುವಿನವರು ಏನೂ ಹೇಳುತ್ತಿರಲಿಲ್ಲ. ಓಬಣ್ಣ ಒಂದೇ ಗುಟುಕಿಗೆ ಕುಡಿದು, ಲೋಟ ಬೋರಲು ಹಾಕಿ, ಬೆಣೆ ಕೈಗೆತ್ತಿಕೊಳ್ಳುತ್ತಿದ್ದ. ಒಂದೇ ಗುಟುಕಿಗೆ ಕುಡಿಯುವವನಿಗೆ ಚಹಾ ಬಲು ಇಷ್ಟವಿರಬೇಕು ಎಂದು ಹಾಲವ್ವ ತಿಳಿದಿದ್ದಳು.

ಹೀಗೆ ಮೂರು ತಿಂಗಳು ಕಳೆಯಿತು. ಮಾಗಿ ಬಂತು.

ಗುಡ್ಡದ ಬುಡದಲ್ಲಿ ಮಾಗಿಯ ಚಳಿ ಒಂದು ಕಂಬಳಿಯ ಚಳಿ. ಮೇಲೆ, ಕಟ್ಟಿದ ಮೆಟ್ಟಿಲಿನ ತುದಿಯಲ್ಲಿ, ಅದಕ್ಕೆ ಗಾಳಿಯೂ ಕೂಡಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಓಬಣ್ಣನ ಕೈಯಿಂದ ಬೆಣೆ ಜಾರಿತು. ಕಲ್ಲು ಉರುಳಿತು. ಕೆಳಗೆ ನಿಂತಿದ್ದ ಇಬ್ಬರು ಪಕ್ಕಕ್ಕೆ ಹಾರಿದರು. ಕಲ್ಲು ಇನ್ನೂ ಎಂಟು ಮೆಟ್ಟಿಲು ಇಳಿದು ಒಂದು ಬಂಡೆಗೆ ಬಡಿದು ನಿಂತಿತು. ಯಾರಿಗೂ ಏಟಾಗಲಿಲ್ಲ. ಮೇಸ್ತ್ರಿ ಕೆಳಗಿನಿಂದಲೇ ಕೂಗಿದ: "ಓಬಣ್ಣ, ವಯಸ್ಸಾಯಿತು ನಿನಗೆ. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು." ಓಬಣ್ಣ ಬಿದ್ದ ಬೆಣೆಯನ್ನು ಹುಡುಕಿ ಎತ್ತಿಕೊಂಡ.

ಅದಾದ ಮೂರನೆಯ ದಿನ ಹಾಲವ್ವ ಬರಿ ಹೊಟ್ಟೆಯಲ್ಲಿ ಗುಡ್ಡ ಹತ್ತಿದ್ದಳು. ತುದಿ ಮುಟ್ಟಿದಾಗ ಕಣ್ಣು ಕತ್ತಲಿಟ್ಟಿತು. ಗಿಂಡಿಯನ್ನು ಹೇಗೋ ಕೆಳಗಿಟ್ಟು ಕಲ್ಲಿಗೆ ಒರಗಿ ಕುಳಿತಳು. ಓಬಣ್ಣ ಗಿಂಡಿಯಲ್ಲಿ ಉಳಿದಿದ್ದ ತನ್ನ ಪಾಲನ್ನು ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಟ್ಟ.

"ಕುಡಿಯವ್ವ. ಬೆಲ್ಲ ಹೊಟ್ಟೆಗೆ ಬಿದ್ದರೆ ಸರಿಹೋಗುತ್ತದೆ."

ಹಾಲವ್ವ ಒಂದು ಗುಟುಕು ಕುಡಿದಳು. ಚಹಾ ಹಳ್ಳದ ನೀರಿನಂತೆ ತಣ್ಣಗಿತ್ತು. ಅವಳು ಲೋಟವನ್ನು ನೋಡಿದಳು. ಆಮೇಲೆ ಮುದುಕನ ಕೈ ನೋಡಿದಳು. ಬೆರಳುಗಳು ಸೆಟೆದು, ಗೆಣ್ಣುಗಳು ಬಿರಿದು, ಬಿರುಕುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಎಂದಿನಿಂದ ಹೀಗಿದೆ, ಅಣ್ಣಾ?"

"ಗಿಂಡಿ ದೊಡ್ಡದಾದಂದಿನಿಂದ."

"ಒಂದು ಮಾತು ಹೇಳಬಾರದಿತ್ತೆ?"

"ಇಷ್ಟೆತ್ತರ ಹೊತ್ತು ತರುತ್ತೀಯ. ಬಿಸಿಯೂ ಬೇಕೆಂದು ಯಾವ ಬಾಯಲ್ಲಿ ಕೇಳಲಿ?"

ಹಾಲವ್ವ ಅಂದು ಇಳಿದು ಬರುವಾಗ ಯಾರ ಮುಖವನ್ನೂ ನೋಡಲಿಲ್ಲ. ಮೂರು ತಿಂಗಳು ಅವಳು ದಿನಾ ತುದಿಯವರೆಗೆ ಹೋಗಿದ್ದಳು. ಅಲ್ಲಿ ಒಂದು ತೊಟ್ಟನ್ನೂ ನಾಲಗೆಗೆ ಹಾಕಿ ನೋಡಿರಲಿಲ್ಲ. ಬುಡದವರ ಹೊಗಳಿಕೆಯೇ ಅವಳಿಗೆ ಸಾಕಾಗಿತ್ತು.

ಅವಳು ನೇರವಾಗಿ ಕುಂಬಾರನ ಮನೆಗೆ ಹೋದಳು. "ಚೌಡಪ್ಪ, ನಿನ್ನ ಗಿಂಡಿ ಬಿಸಿ ಹಿಡಿಯುವುದಿಲ್ಲ," ಎಂದಳು.

ಚೌಡಪ್ಪನಿಗೆ ಅದು ಚುಚ್ಚಿತು. ಎರಡು ಬೆರಳು ದಪ್ಪದ ಇನ್ನೊಂದು ಗಿಂಡಿ ಮಾಡಿದ. ಅದು ಒಲೆಯ ಬಳಿಯಲ್ಲಿಯೇ ಚಹಾದ ಅರ್ಧ ಬಿಸಿಯನ್ನು ತಾನೇ ಕುಡಿಯಿತು. ಮೊದಲು ಕುದಿನೀರು ಹಾಕಿ ಗಿಂಡಿಯನ್ನು ಕಾಯಿಸಿ, ಆ ನೀರು ಚೆಲ್ಲಿ, ಆಮೇಲೆ ಚಹಾ ಸೋಸು ಎಂದು ಹೇಳಿಕೊಟ್ಟ. ಅದರಿಂದ ಸ್ವಲ್ಪ ಮೇಲಾಯಿತು. ತುದಿಯಲ್ಲಿ ಮಾತ್ರ ತಣ್ಣಗೆಯೇ. ಹಾಲವ್ವ ಗಿಂಡಿಗೆ ಹುಲ್ಲು ಸುತ್ತಿದಳು, ಅದರ ಮೇಲೆ ಹಳೆಯ ಕಂಬಳಿ ಸುತ್ತಿದಳು. ಉಗುರುಬೆಚ್ಚಗೂ ಆಗಲಿಲ್ಲ. ಯಾರದೋ ಮದುವೆಯ ತಾಮ್ರದ ಗಿಂಡಿ ಎರವಲು ತಂದಳು. ಅದು ಅವಳ ಕೈ ಸುಟ್ಟಿತು.

"ಕೈ ಸುಡುತ್ತಿದೆ ಎಂದರೆ ಬಿಸಿ ಬಹಳ ಇದೆ ಅಂತಲ್ಲವೆ?" ಎಂದು ಕೇಳಿದಳು.

"ಬಿಸಿ ಹೊರಗೆ ಓಡಿಬರುತ್ತಿದೆ ಅಂತ," ಎಂದ ಚೌಡಪ್ಪ. "ಬಿಸಿ ಹಿಡಿಯುವ ಗಿಂಡಿ ಹೊರಗಿನಿಂದ ಮುಟ್ಟಿದರೆ ಗೊತ್ತೇ ಆಗುವುದಿಲ್ಲ."

ಎರಡು ಗಿಂಡಿ ಒಯ್ದು ನೋಡಿದಳು. ಒಂದು ತಲೆಯ ಮೇಲೆ, ಹಳೆಯ ಸಣ್ಣದು ಕೈಯಲ್ಲಿ. ಹಳ್ಳದ ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ತಲೆಯ ಮೇಲಿನದನ್ನು ಉಳಿಸಿಕೊಳ್ಳಲು ಹೋಗಿ ಕೈಯಲ್ಲಿದ್ದದ್ದನ್ನು ಬಿಟ್ಟಳು. ಅದು ಚೂರಾಯಿತು.

ಕಡೆಗೆ ಒಂದು ದಿನ ಚೌಡಪ್ಪ ತಿಗುರಿಯ ಚಕ್ರ ನಿಲ್ಲಿಸಿ ಅವಳ ಜೊತೆಗೆ ಹೊರಟ. ಹೋಗುವ ದಾರಿಯುದ್ದಕ್ಕೂ ನಡುನಡುವೆ ಗಿಂಡಿಯ ಮುಚ್ಚಳ ಸರಿಸಿ ಬೆರಳು ಅದ್ದಿ ನೋಡುತ್ತಿದ್ದ. ಹಳ್ಳ ದಾಟಿದಾಗ ಅದ್ದಿದ, ಬೆರಳು ಚುರ್ ಎಂದಿತು. ಬುಡ ಮುಟ್ಟಿದಾಗಲೂ ಚುರ್ ಎಂದಿತು. ಹಾಲವ್ವ ಹದಿನಾರು ಲೋಟ ಬಗ್ಗಿಸಿದಳು. ಅಲ್ಲಿಂದ ಐವತ್ತು ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಅದ್ದಿದ. ಬೆರಳನ್ನು ಒಳಗೇ ಇಟ್ಟುಕೊಳ್ಳಬಹುದಾಗಿತ್ತು. ನೂರು ಮೆಟ್ಟಿಲಿಗೆ ಅದು ಬರಿ ಬೆಚ್ಚಗೆ. ಇನ್ನೂ ಇನ್ನೂರು ಮೆಟ್ಟಿಲು ಉಳಿದಿತ್ತು.

ಚೌಡಪ್ಪ ಅಲ್ಲಿಯೇ ಕುಳಿತುಬಿಟ್ಟ.

"ಹಾಲವ್ವ, ಗಿಂಡಿಯದು ತಪ್ಪಿಲ್ಲ. ತುಂಬಿದ ಗಿಂಡಿ ಆರುವುದಿಲ್ಲ. ಅರ್ಧವಾದದ್ದು ನೋಡ ನೋಡುತ್ತಾ ಆರುತ್ತದೆ. ನೀನು ಒಂದು ಮೆಟ್ಟಿಲು ಹತ್ತುವ ಮೊದಲೇ ಅದನ್ನು ಅರ್ಧ ಮಾಡುತ್ತೀಯ. ಅರೆಗಿಂಡಿ ಹೊತ್ತು ಗುಡ್ಡ ಹತ್ತುತ್ತೀಯ. ನೂರು ಲೋಟದ್ದು ಮಾಡಿಕೊಟ್ಟರೂ ಇದೇ ಕತೆ."

"ಮತ್ತೆ ಏನು ಮಾಡಲಿ?"

"ಮಣ್ಣಿನಲ್ಲಿ ಆಗುವುದನ್ನು ನಾನು ಮಾಡಿದೆ. ಇನ್ನು ಮಾಡುವುದಿದ್ದರೆ ನಿನ್ನ ಕಾಲು ಮಾಡಬೇಕು."

ಹಾಲವ್ವನಿಗೆ ಅರ್ಥವಾಯಿತು. ಅರ್ಥವಾದದ್ದರಿಂದ ಹೆದರಿಕೆಯೂ ಆಯಿತು.

ಮರುದಿನ ಗಂಟೆ ಹೊಡೆಯಿತು. ಹಗ್ಗ ನಿಂತಿತು. ಬುಡದವರು ಲೋಟ ತೊಳೆದು ಇಟ್ಟುಕೊಂಡಿದ್ದರು. ಹಾಲವ್ವ ಹುಣಸೆ ಮರದ ಮುಂದೆಯೇ ಹಾದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಏನವ್ವ, ದಾರಿ ತಪ್ಪಿತೇ?" ಎಂದ ರುದ್ರಾಚಾರಿ.

"ಬರುವಾಗ ಕೊಡುತ್ತೇನೆ, ಆಚಾರ್ರೆ."

ಅವಳು ನಿಲ್ಲಲಿಲ್ಲ. ನಿಂತರೆ ಕಾಲು ಮತ್ತೆ ಏಳಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಮೂರು ತಿಂಗಳು ಹತ್ತಿದಂತೆಲ್ಲ ಇಳಿಯುತ್ತಿದ್ದ ಭಾರ ಈಗ ಮೆಟ್ಟಿಲಿಗೆ ಮೆಟ್ಟಿಲಿಗೆ ಏರುವಂತೆ ಕಂಡಿತು. ಇಳಿಜಾರಿನಲ್ಲಿ ನಿಂತವರು ಲೋಟ ಮುಂದೆ ಮಾಡಿದರು. ಅವಳು ತಲೆಯಾಡಿಸುವಂತಿರಲಿಲ್ಲ. ಕಣ್ಣಿನಲ್ಲಿಯೇ ಬೇಡವೆಂದು ಹೇಳಿ ಮುಂದೆ ನಡೆದಳು. ಮುನ್ನೂರು ಮೆಟ್ಟಿಲು ಮುಗಿಯುವಾಗ ಅವಳ ಕತ್ತು ಭುಜದೊಳಗೆ ಇಳಿದಂತಾಗಿತ್ತು.

ಓಬಣ್ಣನ ಲೋಟಕ್ಕೆ ಬಗ್ಗಿಸಿದಳು. ಹಬೆ ಎದ್ದಿತು. ಓಬಣ್ಣ ಎಂದಿನಂತೆ ಒಂದೇ ಗುಟುಕಿಗೆ ಕುಡಿಯಲು ಹೋಗಿ ತುಟಿ ಸುಟ್ಟುಕೊಂಡ. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕುಳಿತ. ಬಹಳ ಹೊತ್ತು ಕುಡಿಯಲೇ ಇಲ್ಲ. ಹಿಡಿದುಕೊಂಡೇ ಇದ್ದ.

ಹಾಲವ್ವ ಇಳಿಯುತ್ತಾ ಉಳಿದವರಿಗೆ ಬಗ್ಗಿಸಿದಳು. ಇಳಿಜಾರಿನವರೆಲ್ಲರಿಗೂ ಚಹಾ ಬಿಸಿಯಾಗಿಯೇ ಸಿಕ್ಕಿತು. ಬುಡಕ್ಕೆ ಬರುವಾಗ ಗಿಂಡಿಯಲ್ಲಿ ಉಳಿದದ್ದು ಉಗುರುಬೆಚ್ಚಗಿತ್ತು. ಅವಳು ಹುಣಸೆ ಮರದ ಬಳಿಗೆ ಬಂದಳು. ಕಟ್ಟಕಡೆಯ ಲೋಟ ಮೇಸ್ತ್ರಿಯದು. ಅದು ಪೂರ್ತಿ ಆರಿತ್ತು.

ರುದ್ರಾಚಾರಿ ಬಾಯಿಗೆ ಹಾಕಿಕೊಂಡದ್ದನ್ನು ಉಗಿದ.

"ಇದೇನು, ಮುಸುರೆಯೋ?"

ಹಾಲವ್ವ ಬೆರಳಿನ ಮಾತು, ಬೆಣೆಯ ಮಾತು, ಅರೆಗಿಂಡಿಯ ಮಾತು ಎಲ್ಲ ಹೇಳಿದಳು. ಮೇಸ್ತ್ರಿ ಪೂರ್ತಿ ಕೇಳಿದ. ಕೇಳಿ ಹೇಳಿದ: "ಆಯಿತು. ನಾಳೆಯಿಂದ ನನ್ನ ಒಂದು ಲೋಟ ಬಗ್ಗಿಸಿ ಆಮೇಲೆ ಹತ್ತು. ಒಂದು ಲೋಟದಿಂದ ಗಿಂಡಿಯೇನೂ ಬರಿದಾಗುವುದಿಲ್ಲ."

"ತಮಗೆ ಒಂದು ಬಗ್ಗಿಸಿದರೆ ಪಕ್ಕದವರು ಲೋಟ ಹಿಡಿಯುತ್ತಾರೆ. ಅವರಿಗೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹದಿನಾರೂ ಆಗಿಬಿಡುತ್ತದೆ, ಆಚಾರ್ರೆ."

"ಹಾಗಾದರೆ ನಾಳೆ ನೀನು ಬರಬೇಡ."

ಮಾರನೆಯ ದಿನವೂ ಹಾಲವ್ವ ಬಂದಳು. ಗಂಟೆ ಬಾರಿಸುವ ಮೊದಲೇ ಬಂದು ಹತ್ತಲು ತೊಡಗಿದ್ದಳು. ರುದ್ರಾಚಾರಿ ಕೂಗಿದ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಡೆದಳೋ. ಅವನು ಪಂಚೆ ಎತ್ತಿಕಟ್ಟಿ ಹಿಂದೆಯೇ ಹತ್ತಿದ. ಭಾರದ ಆಳು. ಕೆಲಸ ಮೇಲೇರಿದಂತೆ ಬುಡದಿಂದಲೇ ಕೂಗಿ ಮಾಡಿಸುವುದು ರೂಢಿಯಾಗಿತ್ತು. ನೂರನೆಯ ಮೆಟ್ಟಿಲಿಗೆ ಏದುಸಿರು ಬಂತು. ಇನ್ನೂರನೆಯದಕ್ಕೆ ಬೈಗುಳ ನಿಂತಿತು. ಅಲ್ಲಿಂದ ಮೇಲೆ ಗಾಳಿ ಪಂಚೆಯನ್ನು ಕಾಲಿಗೆ ಸುತ್ತಿತು. ಕಿವಿ ಮರಗಟ್ಟಿತು.

ತುದಿ ಮುಟ್ಟಿದ. ಒಂದು ಕಲ್ಲಿನ ಮೇಲೆ ಕುಳಿತ. ಎದುರಿಗೆ ಓಬಣ್ಣ, ಅಂಗೈಗಳ ನಡುವೆ ಲೋಟ. ಮೇಸ್ತ್ರಿಯನ್ನು ಕಂಡು ಮುದುಕ ಗಡಬಡಿಸಿ ಎದ್ದ. ತನ್ನ ಲೋಟವನ್ನು ಮುಂದೆ ಚಾಚಿದ.

"ತಾವು ಕುಡೀರಿ, ಆಚಾರ್ರೆ. ಇನ್ನೂ ಎಂಜಲಾಗಿಲ್ಲ."

ರುದ್ರಾಚಾರಿ ಲೋಟ ಹಿಡಿದ ಕೈಯನ್ನು ನೋಡಿದ. ಬಿರುಕುಗಳನ್ನು ನೋಡಿದ. ಅಲ್ಲಿಂದ ಕೆಳಗೆ ನೋಡಿದ. ಇಳಿಜಾರಿನ ಉದ್ದಕ್ಕೂ ಇಪ್ಪತ್ಮೂರು ತಲೆಗಳು ಒಂದರ ಕೆಳಗೊಂದು ಕಂಡವು. ಕಲ್ಲು ಜಾರಿದರೆ ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

"ಕೈ ಕಾಯಿಸಿಕೋ," ಎಂದ. ಲೋಟ ಮುಟ್ಟಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಎದ್ದು ಇಳಿದು ಹೋದ.

ಆಮೇಲೆ ಅವನು ಹಾಲವ್ವನಿಗೆ ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಅವಳು ದಿನಾ ಬಂದಳು. ದಿನಾ ತುಂಬಿದ ಗಿಂಡಿ ಹೊತ್ತು ಮೊದಲು ತುದಿಗೆ ಹೋದಳು. ಮೊದಲ ತಿಂಗಳು ಅವಳ ಮಂಡಿ ಬಾತುಕೊಂಡಿತ್ತು. ಆಮೇಲೆ ಇಳಿಯಿತು. ಬೆಣೆ ಮತ್ತೆ ಜಾರಲಿಲ್ಲ. ಮೆಟ್ಟಿಲು ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ರುದ್ರಾಚಾರಿ ಹುಣಸೆ ಮರದ ಕೆಳಗೆ ಕುಳಿತು ಆರಿದ ಚಹಾ ಕುಡಿದ. ಕೆಲವು ದಿನ ಗೊಣಗಿದ. ಕೆಲವು ದಿನ ಸುಮ್ಮನೆ ಕುಡಿದ. ಕೆಲಸ ಮುಗಿದಾಗ ಓಬಣ್ಣ ತನ್ನ ಊರಿಗೆ ಹೋದ. ಹಾಲವ್ವ ಸಂತೆಯ ದಾರಿಯಲ್ಲಿ ಒಲೆ ಹೂಡಿದಳು. ಆಚೆಯ ಹಳ್ಳಿಯವರು ಈಗ ಒಂದು ಗಳಿಗೆಯಲ್ಲಿ ಗುಡ್ಡ ದಾಟುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಹುಬ್ಬು ಗಂಟಿಕ್ಕಿತು.

"ಗುರುಗಳೇ, ಗಿಂಡಿಯ ಮಾತು ತಿಳಿಯಿತು. ಹಿಂದೆ ಕುಳಿತವರನ್ನು ಮುಟ್ಟುವ ಮೊದಲೇ ನಾನು ಮುಂದಿನವರಿಗೆ ಬಗ್ಗಿಸಿಬಿಡುತ್ತಿದ್ದೆ. ಆದರೆ ಒಂದು ಮನಸ್ಸಿಗೆ ಹಿಡಿಸಲಿಲ್ಲ. ರುದ್ರಾಚಾರಿ ಕೆಲಸದ ಹಿರಿಯ. ಕಡೆಗೆ ಒಳ್ಳೆಯವನೂ ಆದ. ಅಂಥವನು ಎರಡು ವರ್ಷ ಆರಿದ ಚಹಾ ಕುಡಿಯಬೇಕಾಯಿತು. ಇದು ಅನ್ಯಾಯವಲ್ಲವೇ?"

ಗುರುಗಳು ಹೇಳಿದರು: "ಓಬಣ್ಣ ಮೂರು ತಿಂಗಳು ಆರಿದ್ದು ಕುಡಿದನೆಂದಾಗ ಈ ಮಾತು ನಿನ್ನ ಬಾಯಿಗೆ ಬರಲಿಲ್ಲವಲ್ಲ, ಚನ್ನವೀರ."